ಕೂಗಳತೆ

ಡ್ಯಾಶ್‌ಬೋರ್ಡಿನ ಮೇಲೆ ಮೂರು ಫೋನು.
ಒಂದು ನನ್ನದು, ಒಂದು ಮೊಫಿಜುಲನದು,
ಗಾಜು ಬಿರಿದದ್ದು ಲ್ಯಾಬಿನದು.
ಬೆಳಗಿನ ಐದೂವರೆ, ಫರ್ವಾನಿಯಾ.
ಹಿಂದಿನ ಸೀಟಿನಲ್ಲಿ ಐಸಿನ ಡಬ್ಬಿ, ಸೂಜಿ, ಖಾಲಿ ನಳಿಕೆ;
ಖಾಲಿ ಹೊಟ್ಟೆಯಲ್ಲಿ ಕಾದವರು ಊರ ತುಂಬ.

ಹಸಿದವರ ರಕ್ತ ತರುವುದು ನನ್ನ ಕೆಲಸ.
ಏಳು ನಿಮಿಷ ತಡವಾದರೆ
ಎಂಬತ್ತರ ಅಜ್ಜ ಖರ್ಜೂರ ಬಾಯಿಗೆ ಹಾಕಿಕೊಂಡಿರುತ್ತಾನೆ.
ಸಕ್ಕರೆಯ ಲೆಕ್ಕ ಅಲ್ಲಿಗೆ ಮುಗಿಯಿತು,
ನಾಳೆ ಮತ್ತೆ ಇದೇ ದಾರಿ.

ಅದಕ್ಕೇ ಒಂದು ವಹಿ ಇಟ್ಟಿದ್ದೇನೆ:
ಯಾವ ಆ್ಯಪು ಎಷ್ಟು ಹೇಳಿತು, ನಿಜಕ್ಕೂ ಎಷ್ಟಾಯಿತು.

ನನ್ನದು ಆಶಾವಾದಿ.
ಹದಿನೆಂಟು ನಿಮಿಷ ಅಂದರೆ ಇಪ್ಪತ್ನಾಲ್ಕು ಅಂತ ತಿಳಿಯಬೇಕು.
ಆರನೇ ರಿಂಗ್ ರೋಡಿನಲ್ಲಿ ಲಾರಿ ಮಗುಚಿ
ಈರುಳ್ಳಿ ಉರುಳಾಡುತ್ತಿದ್ದರೂ
ಅದರ ಪಾಲಿಗೆ ದಾರಿಯೆಲ್ಲ ತಿಳಿನೀಲಿ.

ಮೊಫಿಜುಲನದು ಚಾಡಿಕೋರ.
ಮುಂದೆ ಕ್ಯಾಮರಾ, ಮುಂದೆ ಪೊಲೀಸು, ಮುಂದೆ ಗುಂಡಿ,
ಊರ ಉಸಾಬರಿಯೆಲ್ಲ ಅದಕ್ಕೆ ಬೇಕು.
ಮನೆ ಯಾವುದು ಅಂದರೆ ಮಾತ್ರ
ಹಿಂದಿನ ಗಲ್ಲಿಯ ಕಸದ ತೊಟ್ಟಿಗೆ ತಂದು ನಿಲ್ಲಿಸಿ
ತಲುಪಿದ್ದೀರಿ ಅನ್ನುತ್ತದೆ, ಹೆಮ್ಮೆಯಿಂದ.

ಲ್ಯಾಬಿನದು ಗುಮಾಸ್ತ. ಬ್ಲಾಕು, ರಸ್ತೆ, ಜಾದ್ದಾ, ಮನೆ ನಂಬರು
ನಾಲ್ಕೂ ಕೊಡದೆ ಬಾಯಿ ಬಿಡುವುದಿಲ್ಲ.
ಕೊಟ್ಟರೆ ಹೊಸ್ತಿಲಿಗೇ ಒಯ್ಯುತ್ತದೆ,
ಹೋದ ತಿಂಗಳು ಅಗೆದುಹಾಕಿದ ರಸ್ತೆಯ ಮೇಲಿಂದ,
ರಸ್ತೆ ಇನ್ನೂ ಇದೆ ಎಂಬ ನಂಬಿಕೆಯಲ್ಲಿ.

ಹೊತ್ತಿಗೆ ಚಾಡಿಕೋರ, ಬಾಗಿಲಿಗೆ ಗುಮಾಸ್ತ,
ನನ್ನದು ಬರೀ ಸಮಾಧಾನಕ್ಕೆ
ಅಂತ ಮೂರು ತಿಂಗಳ ವಹಿ ಓದಿ ಹೇಳಿದೆ.
ಮೊಫಿಜುಲ ನಕ್ಕ: ದೀದಿ,
ಮೂವರು ಮಾವಂದಿರನ್ನು ಕೇಳಿ ಒಂದು ದಿಬ್ಬಣ ಹೊರಟ ಹಾಗಾಯಿತು.

ಆಮೇಲೆ ಆ ಮಂಗಳವಾರ.
ಜಹ್ರಾದ ಹತ್ತಿರ ತೂಜ್ ಎದ್ದು
ಆಕಾಶ ಹಿಟ್ಟಿನ ಜರಡಿ.
ಮೂರೂ ಚುಕ್ಕಿಗಳು ಒಮ್ಮೆಲೇ ನಡುಗಿ
ಎದ್ದುಹೋಗಿ ಸಮುದ್ರದಲ್ಲಿ ಕೂತವು.
ಯಾಕೋ, ಯಾರ ಕಿತಾಪತಿಯೋ.
ಗಂಟೆಗೆ ಅರವತ್ತರಂತೆ
ಮೀನುಗಳ ನಡುವೆ ಹೋಗುತ್ತಿದ್ದೆವು ನಾವು,
ಸೀಟ್ ಬೆಲ್ಟ್ ಕಟ್ಟಿಕೊಂಡು.
ಮೂರಕ್ಕೂ ಒಮ್ಮತವಾದದ್ದು ಅದೊಂದೇ ದಿನ.

ಉಮ್ ನಾಯೆಫ್‌ಗೆ ಫೋನು ಮಾಡಿದೆ.
ಕಣ್ಣು ಪೂರ್ತಿ ಹೋಗಿ ಒಂಬತ್ತು ವರ್ಷ ಅವಳಿಗೆ.
ಕಿಟಕಿ ಇಳಿಸು, ಅಂದಳು.
ಅಮ್ಮಾ, ಮಣ್ಣು. ಇಳಿಸು.
ರೊಟ್ಟಿಯ ಭಟ್ಟಿ ಮೂಗಿಗೆ ಬಂತೆ? ಅಲ್ಲಿಂದ ಎರಡು ಹಂಪು,
ಎರಡನೆಯದು ಬಲಗಡೆ ಮುರಿದಿದೆ, ಸೊಂಟಕ್ಕೆ ತಿಳಿಯುತ್ತದೆ.
ಅಲ್ಲಿ ಹೊರಳು. ಗುರುಗುಟ್ಟುವ ಜನರೇಟರನ್ನು ಎಡಕ್ಕೆ ಬಿಡು.
ಆಮೇಲೆ ಹಾರ್ನ್ ಹೊಡಿ,
ನೀನೆಲ್ಲಿದ್ದೀ ಅಂತ ನಾನು ಹೇಳುತ್ತೇನೆ.

ಹಾರ್ನ್.
ಇನ್ನೂ ಮುಂದೆ, ಅಂದಿತು ಫೋನು.
ಹಾರ್ನ್.
ದಾಟಿದೆ, ಹಿಂದೆ ಬಾ.
ಹಾರ್ನ್. ಈ ಸಲ ದನಿ ಫೋನಿನಲ್ಲಿ ಬರಲಿಲ್ಲ,
ದೂಳಿನೊಳಗಿಂದ ಬಂತು,
ಗೇಟಿಗೆ ಕೈಯೂರಿ ನಿಂತ ಕರಿ ಅಬಾಯಾದ ಗಂಟಲಿಂದ.

ನಮ್ಮ ಲಿಂಗಸೂಗೂರಿನ ಕಡೆ ದೂರ ಕೇಳಿದರೆ
ಕೂಗಳತೆ ಅನ್ನುತ್ತಿದ್ದರು.
ಎಷ್ಟು ಮೀಟರು ಅಂತ ನಾನು ಲೆಕ್ಕದ ಮಾಸ್ತರನ್ನು ಕೇಳಿದ್ದೆ.
ಗಂಟಲು ಯಾರದು ಅದರ ಮೇಲೆ, ಅಂದಿದ್ದರು.

ತಡ ಮಾಡಿದೆ ಅಂತ ಬೈದಳು.
ಖರ್ಜೂರ ಮುಟ್ಟಿರಲಿಲ್ಲ.
ಮೊದಲ ಸೂಜಿಗೆ ನರ ಸಿಗಲಿಲ್ಲ,
ನನ್ನ ಕಣ್ಣಲ್ಲಿ ಇನ್ನೂ ಮಣ್ಣು.
ಎರಡನೆಯದಕ್ಕೆ ಅವಳೇ
ತನ್ನ ತೋಳನ್ನು ತಾನೇ ತಡವಿ
ಬೆರಳಿಟ್ಟಳು:
ಇಲ್ಲಿ.